ತೆರೆ ಬೆಳಗಿದ ಮೊದಲ ಗಳಿಗೆ

ಮದುವೆಯ ಮನೆಗೆ ಹೋದವರು ಊಟ ಹೇಗಿರಬಹುದೆಂಬುದನ್ನು ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತ ನಿಂತವರ ಮುಖ ನೋಡಿಯೇ ಊಹಿಸಿಬಿಡುತ್ತಾರೆ. ಚಲಚ್ಚಿತ್ರವೂ ಇದಕ್ಕೆ ಹೊರತಲ್ಲ. ದೀಪವಾರಿ, ತೆರೆ ಬೆಳಗಿ, ಮೊದಲ ನಾಲ್ಕಾರು ನಿಮಿಷಗಳು ಕಳೆಯುವುದರೊಳಗೆ ಪ್ರೇಕ್ಷಕನು ಕುರ್ಚಿಯ ಬೆನ್ನಿಗೆ ಒರಗುವನೋ, ಮುಂದಕ್ಕೆ ಬಾಗುವನೋ ಎಂಬುದು ನಿಶ್ಚಯವಾಗಿರುತ್ತದೆ. ಕೈಯಲ್ಲಿರುವ ಮೊಬೈಲಿನಲ್ಲೇ ಚಿತ್ರ ನೋಡುವ ಇಂದಿನವನಿಗಂತೂ ಎದ್ದುಹೋಗುವ ಶ್ರಮವೂ ಬೇಡ. ಹೆಬ್ಬೆರಳನ್ನು ಒಮ್ಮೆ ಆಡಿಸಿದರಾಯಿತು.

ಪೊನ್ನಂಪೇಟೆಯ ನಾಲ್ವರು ಕಾಲೇಜು ವಿದ್ಯಾರ್ಥಿಗಳು ಹತ್ತು ನಿಮಿಷದ ಚಿತ್ರವೊಂದನ್ನು ತೆಗೆಯಲು ಹೊರಟಿದ್ದಾರೆಂದು ವಾಚಕರು ಭಾವಿಸಲಿ. ಕ್ಯಾಮೆರಾ ಎಂದರೆ ಒಬ್ಬನ ಮೊಬೈಲು. ಬಂಡವಾಳವೆಂದರೆ ನಾಲ್ವರ ಕೈಖರ್ಚಿನ ಹಣ. ಕಥೆ ಮಾತ್ರ ಸಾಲ ತಂದದ್ದಲ್ಲ. ಅವರಲ್ಲೊಬ್ಬನ ಮನೆಯಲ್ಲಿ ಕಣ್ಣಾರೆ ಕಂಡದ್ದು.

ಹುತ್ತರಿ ಕೊಡಗಿನ ಸುಗ್ಗಿಯ ಹಬ್ಬ. ನವೆಂಬರ್ ಇಲ್ಲವೆ ಡಿಸೆಂಬರ್ ತಿಂಗಳ ಬೆಳದಿಂಗಳಲ್ಲಿ ಬರುತ್ತದೆ. ಕಕ್ಕಬ್ಬೆಯ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಮುಹೂರ್ತ ನಿಶ್ಚಯವಾದ ಮೇಲೆ, ಆ ರಾತ್ರಿ ಮನೆಮಂದಿಯೆಲ್ಲ ದೀಪ ಹಿಡಿದು ಗದ್ದೆಗೆ ಹೋಗಿ, ಗಾಳಿಯಲ್ಲಿ ಗುಂಡು ಹಾರಿಸಿ, ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತ ಹೊಸ ಕದಿರನ್ನು ಕೊಯ್ದು ಮನೆಗೆ ತರುತ್ತಾರೆ. ನಮ್ಮ ವಿದ್ಯಾರ್ಥಿಗಳ ಕಥೆಯಲ್ಲಿ ಒಂದು ಐನ್‌ಮನೆಯಿದೆ, ಒಬ್ಬ ಅಜ್ಜನಿದ್ದಾನೆ, ಕದಿರಿಲ್ಲ. ಕೂಲಿಯವರು ಸಿಗರು, ಬೆಳೆದದ್ದನ್ನು ಆನೆ ತುಳಿಯುತ್ತದೆ, ಉಳಿದದ್ದಕ್ಕೆ ಬೆಲೆಯಿಲ್ಲ. ಹೀಗೆ ಕೊಡಗಿನ ಎಷ್ಟೋ ಗದ್ದೆಗಳಂತೆ ಆ ಮನೆಯ ಗದ್ದೆಯೂ ಪಾಳುಬಿದ್ದಿದೆ. ಇನ್ನೊಬ್ಬರ ಮುಂದೆ ಕೈಯೊಡ್ಡಿ ಗೊತ್ತಿಲ್ಲದ ಅಜ್ಜನು ಈ ವರ್ಷದ ಕದಿರಿಗಾಗಿ ಪಕ್ಕದ ಗದ್ದೆಯವರನ್ನು ಕೇಳಬೇಕಾಗಿದೆ. ಇಷ್ಟೇ ಕಥೆ.

ಮೊದಲ ದೃಶ್ಯ ಯಾವುದಿರಬೇಕು? ಚರ್ಚೆ ಆರಂಭವಾಯಿತು.

“ಡ್ರೋನ್ ಒಂದನ್ನು ಬಾಡಿಗೆಗೆ ತರೋಣ. ಮಂಜು ಕವಿದ ಬೆಟ್ಟ, ಕೆಳಗೆ ಕಾಫಿ ತೋಟ. ನೋಡಿದವರು ಬಾಯಿ ಬಿಡಬೇಕು,” ಎಂದನೊಬ್ಬ.

“ಗಡಿಯಾರ ಬಡಿಯುತ್ತದೆ, ಹುಡುಗ ಎದ್ದು ಮುಖ ತೊಳೆಯುತ್ತಾನೆ,” ಎಂದನು ಎರಡನೆಯವನು.

ಮೂರನೆಯವನು ಇವರಿಬ್ಬರಿಗಿಂತ ಚುರುಕು. “ತೆರೆಯೆಲ್ಲ ಕತ್ತಲು. ಢಮ್ ಎಂದು ಗುಂಡಿನ ಶಬ್ದ. ಅಲ್ಲಿಂದಲೇ ಚಿತ್ರ ಶುರು!”

ನಾಲ್ಕನೆಯವಳು ಎಲ್ಲವನ್ನೂ ಕೇಳಿ, “ಅಲ್ಲ, ದೊಡ್ಡವರು ಹೇಗೆ ಶುರುಮಾಡಿದ್ದಾರೆಂದು ಮೊದಲು ನೋಡಿಬಿಡೋಣವೆ?” ಎಂದಳು. ಜಾಣ ಮಾತು ಇದೊಂದೇ.

ಆರಂಭವನ್ನು ಕುರಿತ ಚಿಂತನೆ ಚಲಚ್ಚಿತ್ರದೊಡನೆ ಹುಟ್ಟಿದ್ದಲ್ಲ. ಕಾಳಿದಾಸನ ಶಾಕುಂತಲ ನಾಟಕದಲ್ಲಿ ದುಷ್ಯಂತನು ಮೊದಲು ಕಾಣಿಸಿಕೊಳ್ಳುವುದು ಜಿಂಕೆಯೊಂದನ್ನು ಬೆನ್ನಟ್ಟುವ ಬೇಟೆಗಾರನಾಗಿ. ಇದು ಆಶ್ರಮದ ಜಿಂಕೆ, ಕೊಲ್ಲಬಾರದೆಂದು ತಪಸ್ವಿಗಳು ಅಡ್ಡಬರುತ್ತಾರೆ. ಶಕುಂತಲೆ ಇನ್ನೂ ರಂಗಕ್ಕೆ ಬಂದಿಲ್ಲ; ಆದರೆ ಆಶ್ರಮದ ಇನ್ನೊಂದು ಸುಕುಮಾರ ಜೀವಕ್ಕೆ ಈ ಅರಸನಿಂದ ಒದಗಲಿರುವ ನೋವಿನ ನೆರಳು ಆಗಲೇ ಬಿದ್ದಾಗಿದೆ. ನಮ್ಮ ಯಕ್ಷಗಾನದ ಒಡ್ಡೋಲಗವಾದರೂ ಮತ್ತೇನು? ಹಿಡಿದ ತೆರೆಯ ಮೇಲೆ ಕಿರೀಟದ ತುದಿ, ಕೆಳಗೆ ಗೆಜ್ಜೆಯ ಕಾಲು. ವೇಷವು ಪೂರ್ತಿ ಕಾಣುವ ಮೊದಲೇ ಸಭೆಯ ಕುತೂಹಲ ಕೆರಳಿರುತ್ತದೆ. ಒಂದನ್ನು ತೋರಿಸುವುದು, ಒಂದನ್ನು ಬಚ್ಚಿಡುವುದು. ಇದು ನಮ್ಮ ಹಿರಿಯರಿಗೆ ಚೆನ್ನಾಗಿ ತಿಳಿದಿದ್ದ ವಿದ್ಯೆ.

ಚಿತ್ರಗಳ ಆರಂಭವನ್ನು ಅಭ್ಯಾಸಮಾಡುವುದಕ್ಕೂ ಒಂದು ಕ್ರಮವಿದೆ. ಮೊದಲ ಐದು ನಿಮಿಷಗಳನ್ನು ಮೂರು ಬಾರಿ ನೋಡಬೇಕು. ಮೊದಲ ಬಾರಿ ಸಾಮಾನ್ಯ ಪ್ರೇಕ್ಷಕನಂತೆ. ಎರಡನೆಯ ಬಾರಿ ಧ್ವನಿಯನ್ನು ನಿಲ್ಲಿಸಿ. ಮೂರನೆಯ ಬಾರಿ ಕಣ್ಣುಮುಚ್ಚಿ, ಕಿವಿಯಿಂದ ಮಾತ್ರ. ಟಿಪ್ಪಣಿಯ ಪುಸ್ತಕದ ಹಾಳೆಯಲ್ಲಿ ಮೂರು ಸಾಲುಗಳನ್ನು ಎಳೆದು, ಕಂಡದ್ದೇನು, ಕೇಳಿದ್ದೇನು, ಹೇಳದೆ ಉಳಿಸಿಕೊಂಡದ್ದೇನು ಎಂದು ಬರೆಯಬೇಕು. ಆಮೇಲೆ ಚಿತ್ರದ ಕೊನೆಯ ಐದು ನಿಮಿಷಗಳನ್ನು ನೋಡಿ, ಮೂರನೆಯ ಸಾಲಿನೊಡನೆ ತಾಳೆಹಾಕಬೇಕು. ಒಳ್ಳೆಯ ಚಿತ್ರಗಳ ಗುಟ್ಟು ಅಲ್ಲಿ ಬಿಟ್ಟುಕೊಡುತ್ತದೆ.

1941ರಲ್ಲಿ ಆರ್ಸನ್ ವೆಲ್ಸ್ ನಿರ್ದೇಶಿಸಿದ ‘ಸಿಟಿಜನ್ ಕೇನ್’ ಆರಂಭವಾಗುವುದು ಒಳಗೆ ಬರಕೂಡದೆಂಬ ಫಲಕದಿಂದ. ಕ್ಯಾಮೆರಾ ಆ ನಿಷೇಧವನ್ನು ಲೆಕ್ಕಿಸದೆ ಬೇಲಿಯನ್ನೇರಿ, ಕತ್ತಲ ಭವನದ ಒಂದೇ ಬೆಳಕಿನ ಕಿಟಕಿಯನ್ನು ಸಮೀಪಿಸುತ್ತದೆ. ಒಳಗೆ ಸಾಯುತ್ತಿರುವ ಮುದುಕನೊಬ್ಬ ಒಂದು ಶಬ್ದವನ್ನು ಉಸುರಿ ಪ್ರಾಣಬಿಡುತ್ತಾನೆ. ಆ ಶಬ್ದದ ಅರ್ಥವೇನೆಂದು ಚಿತ್ರವೆಲ್ಲ ಹುಡುಕುತ್ತದೆ. ಕೊನೆಯಲ್ಲಿ ಮತ್ತೆ ಅದೇ ಫಲಕ ಕಾಣುತ್ತದೆ.

ಅದೇ ವೆಲ್ಸ್‌ನ 1958ರ ‘ಟಚ್ ಆಫ್ ಈವಿಲ್’ ಚಿತ್ರದ ಮೊದಲ ನೋಟ ಮೂರು ನಿಮಿಷಗಳಿಗೂ ಮಿಕ್ಕಿ ಕಡಿತವಿಲ್ಲದೆ ಸಾಗುತ್ತದೆ. ಯಾರದೋ ಕೈ ಒಂದು ಕಾರಿನಲ್ಲಿ ಸಿಡಿಗುಂಡನ್ನು ಇಡುತ್ತದೆ. ಕಾರು ಜನನಿಬಿಡ ಬೀದಿಯಲ್ಲಿ ನಿಂತು, ಹೊರಟು, ಮತ್ತೆ ನಿಲ್ಲುತ್ತದೆ. ಒಳಗೆ ಕುಳಿತವರಿಗೆ ತಿಳಿಯದ ಸಂಗತಿ ಪ್ರೇಕ್ಷಕನಿಗೆ ತಿಳಿದಿದೆ. ಆದುದರಿಂದಲೇ ಅವನು ಉಸಿರು ಬಿಗಿಹಿಡಿಯುತ್ತಾನೆ. ಸದ್ದು ಕೇಳಿಸುವುದು ಕಟ್ಟಕಡೆಗೆ. ಗುಂಡಿನ ಶಬ್ದದಿಂದಲೇ ಆರಂಭಿಸಬೇಕೆಂದ ಮೂರನೆಯವನು ಇದನ್ನು ನೋಡಿ ತಲೆ ಕೆರೆದುಕೊಂಡನು. ಕಾದು ಕೇಳಿದ ಸದ್ದಿಗೂ ಕಾಯದೆ ಕೇಳಿದ ಸದ್ದಿಗೂ ಇರುವ ಅಂತರ ಅವನಿಗೆ ಹೊಳೆಯಿತು. ಅಲ್ಲದೆ ದಕ್ಷಿಣ ಕೊಡಗಿನಲ್ಲಿ ಕತ್ತಲಲ್ಲಿ ಗುಂಡು ಕೇಳಿಸಿದರೆ ಯಾರಿಗೆ ತಾನೆ ಹಬ್ಬದ ನೆನಪಾದೀತು? 2021ರ ಆರಂಭದಲ್ಲಿ ಹುಲಿಯ ದಾಳಿಗೆ ಜೀವಗಳು ಬಲಿಯಾದ ಸೀಮೆಯದು. ಹುಲಿಯೋ ಆನೆಯೋ ಎಂದು ಜನ ಗಾಬರಿಯಾದಾರು. ಚಿತ್ರ ತನ್ನದಲ್ಲದ ದಾರಿ ಹಿಡಿದೀತು.

ಕ್ರೇನು, ಕಾರು, ಭವನಗಳೆಲ್ಲ ಹಣವುಳ್ಳವರ ಮಾತಾಯಿತು. ಬಡವರ ಆರಂಭವನ್ನು ನೋಡಬೇಕಾದರೆ ಸತ್ಯಜಿತ್ ರಾಯರ ಬಳಿಗೆ ಬರಬೇಕು. ‘ಪಥೇರ್ ಪಾಂಚಾಲಿ’ ತೆರೆಕಂಡದ್ದು 1955ರಲ್ಲಿ. ಅದರ ಛಾಯಾಗ್ರಾಹಕ ಸುಬ್ರತ ಮಿತ್ರರು ಅದಕ್ಕೆ ಮೊದಲು ಚಲಚ್ಚಿತ್ರದ ಕ್ಯಾಮೆರಾವನ್ನೇ ನಡೆಸಿದವರಲ್ಲ. ಆ ಚಿತ್ರ ಆರಂಭವಾಗುವುದು ಒಂದು ಸೀಬೆಹಣ್ಣಿನಿಂದ. ಪುಟ್ಟ ದುರ್ಗೆಯು ನೆರೆಯವರ ತೋಟದಿಂದ ಹಣ್ಣನ್ನು ಕದ್ದು, ಮನೆಯಲ್ಲಿರುವ ಮುದುಕಿಗೆ ತಂದುಕೊಡುತ್ತಾಳೆ, ತೋಟದೊಡತಿ ಗೊಣಗುತ್ತಾಳೆ. ಆ ತೋಟ ಹಿಂದೆ ದುರ್ಗೆಯ ಮನೆಯವರದೇ ಆಗಿತ್ತು, ಸಾಲದಲ್ಲಿ ಕೈಬಿಟ್ಟಿತು ಎಂಬುದು ಆಮೇಲೆ ತಿಳಿಯುತ್ತದೆ. ಮುಂದೆ ಹಾರವೊಂದರ ಕಳವಿನ ಅಪವಾದ ಅವಳ ಮೇಲೆ ಬರುತ್ತದೆ. ಅವಳು ತೀರಿಕೊಂಡ ಮೇಲೆ, ಊರು ಬಿಡುವ ಹೊತ್ತಿಗೆ, ತಮ್ಮ ಅಪುವಿಗೆ ಆ ಹಾರ ಸಿಗುತ್ತದೆ. ಯಾರಿಗೂ ಹೇಳದೆ ಅವನು ಅದನ್ನು ಕೊಳಕ್ಕೆ ಎಸೆಯುತ್ತಾನೆ. ಹಣ್ಣಿನಲ್ಲಿ ಮೊದಲಾದದ್ದು ಹಾರದಲ್ಲಿ ಮುಗಿಯಿತು. ಬಡತನ, ಮಾನ, ಮುದುಕಿಯ ಮೇಲಿನ ಮಮತೆ, ಕಳೆದುಹೋದ ಭೂಮಿ, ಇವೆಲ್ಲವೂ ಒಂದು ಹಣ್ಣಿನೊಳಗೆ ಅಡಗಿದ್ದವು. ಒಂದು ಸೀಬೆಹಣ್ಣಿಗೆ ಬೆಲೆಯೆಷ್ಟು?

ಕನ್ನಡದಲ್ಲಿಯೇ ಒಂದು ಮೇಲಾದ ಉದಾಹರಣೆಯುಂಟು. ರಾಮ್ ರೆಡ್ಡಿಯವರ ‘ತಿಥಿ’ 2015ರ ಚಿತ್ರ. ಮಂಡ್ಯ ಸೀಮೆಯ ಹಳ್ಳಿಯಲ್ಲಿ, ಹಳ್ಳಿಯವರನ್ನೇ ಪಾತ್ರಧಾರಿಗಳನ್ನಾಗಿಸಿ ತೆಗೆದದ್ದು. ನೂರು ದಾಟಿದ ಸೆಂಚುರಿ ಗೌಡ ಬೀದಿಯ ಬದಿ ಕುಳಿತು ಹೋಗಿಬರುವವರನ್ನೆಲ್ಲ ಬಾಯಿಗೆ ಬಂದಂತೆ ಬೈಯುತ್ತಿದ್ದಾನೆ. ಪ್ರೇಕ್ಷಕನಿಗೆ ನಗೆಯೋ ನಗೆ. ಮುದುಕ ಎದ್ದು ಮರೆಗೆ ಹೋಗುತ್ತಾನೆ; ಅಲ್ಲೇ ಬಿದ್ದು ಸಾಯುತ್ತಾನೆ. ಆ ನಾಲ್ಕು ನಿಮಿಷಗಳಲ್ಲಿ ಊರು ತಿಳಿಯಿತು, ಊರಿನ ನಾಲಗೆ ತಿಳಿಯಿತು, ಹನ್ನೊಂದನೆಯ ದಿನದ ತಿಥಿಯವರೆಗೆ ಮಗ, ಮೊಮ್ಮಗ, ಮರಿಮಗ ಏನು ಮಾಡುವರೆಂಬ ಕುತೂಹಲವೂ ಹುಟ್ಟಿತು. ಸಂಗೀತವಿಲ್ಲ, ಬೆಟ್ಟವಿಲ್ಲ, ಮಂಜಿಲ್ಲ.

ಮಂಜಿನ ಮಾತು ಬಂದಾಗ ಡ್ರೋನಿನವನ ಮುಖ ಬಾಡಿತು. ಅವನದು ಪೂರ್ತಿ ತಪ್ಪೆನ್ನಲಾಗದು. 2006ರ ‘ಮುಂಗಾರು ಮಳೆ’ಯ ನಾಯಕ ಬೆಂಗಳೂರಿನಿಂದ ಮಡಿಕೇರಿಗೆ ಬರುವವನು, ಬೆಟ್ಟ, ಮಳೆಗಳನ್ನು ಅತಿಥಿಯ ಕಣ್ಣಿನಿಂದ ನೋಡುವವನು. ಆ ಕಥೆಗೆ ಆ ಕಣ್ಣು ಒಪ್ಪುತ್ತದೆ. ಆದರೆ ಪೊನ್ನಂಪೇಟೆಯ ಮನೆಯವನಿಗೆ ಮಂಜೆಂದರೆ ಕಣದಲ್ಲಿ ಹರವಿದ ಕಾಫಿ ಒಣಗದಿರುವ ಚಿಂತೆ. ಕೊಡಗನ್ನು ಮೇಲಿನಿಂದ ನೋಡಿದ ಚಿತ್ರಗಳು ಸಾಕಷ್ಟು ಬಂದಿವೆ, ಇನ್ನೂ ಬರುತ್ತವೆ. ಅವಕ್ಕೆ ಯಾರಾದರೂ ಆಗುತ್ತದೆ. ಅಂಗಳದಿಂದ ನೋಡಬಲ್ಲವರು ಅಂಗಳದಲ್ಲಿ ಬೆಳೆದವರು ಮಾತ್ರ. ಮೊದಲ ಕೊಡವ ಚಿತ್ರ ‘ನಾಡ ಮಣ್ಣ್ ನಾಡ ಕೂಳ್’ 1972ರಲ್ಲಿ ಬಂದಾಗ ಅದರ ಹೆಸರಿನಲ್ಲೇ ಮಣ್ಣು ಮತ್ತು ಅನ್ನ ಎರಡೂ ಇದ್ದುವೆಂಬುದನ್ನು ಈ ವಿದ್ಯಾರ್ಥಿಗಳು ಮರೆಯಬಾರದು.

ವಿದ್ಯಾರ್ಥಿಗಳ ಚಿತ್ರವೆಂದರೆ ಆಟಿಕೆಯೆಂದು ಮೂಗು ಮುರಿಯುವವರೂ ಉಂಟು. ಔಷಧಶಾಸ್ತ್ರವನ್ನು ಓದಿ, ಪುಣೆಯ ಚಲಚ್ಚಿತ್ರ ಸಂಸ್ಥೆಗೆ ಸೇರಿದ ಗಿರೀಶ ಕಾಸರವಳ್ಳಿಯವರು 1975ರಲ್ಲಿ ಅಲ್ಲಿ ತೆಗೆದ ವಿದ್ಯಾರ್ಥಿಚಿತ್ರ ‘ಅವಶೇಷ್’. ಎರಡೇ ವರ್ಷಗಳಲ್ಲಿ ಅವರ ‘ಘಟಶ್ರಾದ್ಧ’ ಸ್ವರ್ಣಕಮಲವನ್ನು ಪಡೆಯಿತು. ವೈದ್ಯಶಿಕ್ಷಣ ಮುಗಿಸಿ ಅದೇ ಸಂಸ್ಥೆಯ ವಿದ್ಯಾರ್ಥಿಯಾದ ಮೈಸೂರಿನ ಚಿದಾನಂದ ನಾಯ್ಕರ ಹದಿನಾರು ನಿಮಿಷದ ಕನ್ನಡ ಚಿತ್ರಕ್ಕೆ 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಬಂದಿತು. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ದಳು, ಊರಿಗೆ ಬೆಳಗೇ ಆಗಲಿಲ್ಲ ಎಂಬ ನಮ್ಮ ಜನಪದ ಕಥೆಯೇ ಅದರ ವಸ್ತು. ಚಿತ್ರೀಕರಣಕ್ಕೆ ಸಿಕ್ಕಿದ್ದು ನಾಲ್ಕೇ ದಿನ. ಅಜ್ಜಿ ಹೇಳಬಹುದಾದ ಕಥೆ ಕಡಲಾಚೆಯವರಿಗೂ ತಲುಪಿತು.

ಇಷ್ಟನ್ನು ನೋಡಿದ ಮೇಲೆ ನಾಲ್ವರೂ ತಮ್ಮ ಕಥೆಗೆ ಮರಳಿದರು. ಕೊನೆಯ ದೃಶ್ಯದ ವಿಷಯದಲ್ಲಿ ಅನುಮಾನವಿರಲಿಲ್ಲ: ಪಕ್ಕದವರ ಗದ್ದೆ, ಇರುಳು, ಗುಂಡು, ಕದಿರು. ಅದು ವರ್ಷಕ್ಕೊಂದೇ ರಾತ್ರಿ. ಕ್ಯಾಮೆರಾ ಕೈಕೊಟ್ಟಿತೆಂದು ಯಾರೂ ಎರಡನೆಯ ಬಾರಿ ಹುತ್ತರಿ ಮಾಡರು. ಹಾಗಾಗಿ ಆ ಇರುಳಿನಲ್ಲಿ ಸಿಕ್ಕಿದ್ದೇ ಲಾಭ. ಆರಂಭದ ದೃಶ್ಯ ಮಾತ್ರ ಹಗಲಿನದಾಗಬೇಕು, ಎಷ್ಟು ಬಾರಿ ಬೇಕಾದರೂ ತೆಗೆಯುವಂತಿರಬೇಕು. ಹತ್ತು ನಿಮಿಷದ ಚಿತ್ರದಲ್ಲಿ ಅದು ಒಂದು ನಿಮಿಷವನ್ನು ಮೀರಬಾರದು.

ದುರ್ಗೆಯ ಸೀಬೆಹಣ್ಣಿಗೆ ಸಮನಾದ ವಸ್ತು ಈ ಮನೆಯಲ್ಲಿ ಯಾವುದು? ಕುಡುಗೋಲು ಎಂದಳು ನಾಲ್ಕನೆಯವಳು.

ದೃಶ್ಯ ಹೀಗೆ ನಿಶ್ಚಯವಾಯಿತು. ತೆರೆ ಕತ್ತಲಾಗಿರುವಾಗಲೇ ಕಬ್ಬಿಣವನ್ನು ಕಲ್ಲಿಗೆ ಉಜ್ಜುವ ಸದ್ದು ಕೇಳಬೇಕು. ಆಮೇಲೆ ಮುದಿ ಕೈಗಳು, ಕುಡುಗೋಲು. ಅಜ್ಜ ಹೆಬ್ಬೆರಳಿನಿಂದ ಅಲಗನ್ನು ಮುಟ್ಟಿ ನೋಡಿ, ತೃಪ್ತಿಯಾಗದೆ ಮತ್ತೆ ಮಸೆಯುತ್ತಾನೆ. ಮೂರನೆಯ ನೋಟದಲ್ಲಿ ಅವನು ಕುಡುಗೋಲು ಹಿಡಿದು ಅಂಗಳವನ್ನಿಳಿದು ಹೋಗುವುದು ಬೆನ್ನ ಕಡೆಯಿಂದ ಕಾಣುತ್ತದೆ. ನಾಲ್ಕನೆಯದರಲ್ಲಿ ಗದ್ದೆಯ ಬದು; ಪೈರಿರಬೇಕಾದಲ್ಲಿ ಸೊಂಟದೆತ್ತರದ ಕಳೆ. ಅಜ್ಜ ನಿಲ್ಲುತ್ತಾನೆ. ಐದನೆಯದರಲ್ಲಿ ಅವನ ಮುಖ. ನೋಟ ಬಲಕ್ಕೆ ಹೊರಳುತ್ತದೆ. ಅಲ್ಲೇನಿದೆಯೆಂಬುದನ್ನು ತೋರಿಸಕೂಡದು. ಅಲ್ಲಿರುವುದು ಪಕ್ಕದವರ ಮಾಗಿದ ಗದ್ದೆ. ಅದು ಕೊನೆಯವರೆಗೆ ಬಚ್ಚಿಟ್ಟ ಗಂಟು.

“ಗದ್ದೆಯಲ್ಲಿ ಪೈರೇ ಇಲ್ಲ, ಕುಡುಗೋಲು ಯಾಕಜ್ಜ?” ಎಂದು ಮೊಮ್ಮಗನ ಬಾಯಲ್ಲಿ ಒಂದು ಮಾತನ್ನು ಹೇಳಿಸಬೇಕೆಂದು ಎರಡನೆಯವನು ಹಠಹಿಡಿದನು. ಮಾತಿನೊಡನೆ ಒಮ್ಮೆ, ಮಾತಿಲ್ಲದೆ ಒಮ್ಮೆ ತೆಗೆದು ನೋಡಿದರು. ಮಾತು ಬಂದಾಗ ಪ್ರೇಕ್ಷಕನಿಗೆ ಕೇಳಲು ಪ್ರಶ್ನೆಯೇ ಉಳಿಯಲಿಲ್ಲ. ಮಾತನ್ನು ಕೈಬಿಟ್ಟರು. ಬೆಳಗಿನ ಬಿಸಿಲು ಏರುವುದರೊಳಗೆ ಕೆಲಸ ಮುಗಿಸಿದರು. ಕೈ ನಡುಗದಿರಲೆಂದು ಮೊಬೈಲನ್ನು ಮಣೆಯ ಮೇಲೆ ಒತ್ತುಕೊಟ್ಟು ನಿಲ್ಲಿಸಿದರು. ಮಸೆಯುವ ಸದ್ದನ್ನು ಗಾಳಿ ಬೀಸದ ಮೂಲೆಯಲ್ಲಿ ಬೇರೆಯಾಗಿ ಹಿಡಿದರು.

ಪಾತ್ರ ವಹಿಸಿದ್ದು ಹುಡುಗನ ಅಜ್ಜನೇ. ಮೂರು ಬಾರಿ ಮಸೆಯಿಸಿ, ನಾಲ್ಕನೆಯ ಬಾರಿಗೆ ಬೇಡಿಕೊಂಡಾಗ ಮುದುಕನಿಗೆ ಬೇಸರವಾಯಿತು. “ಪಾಳು ಗದ್ದೆಯಲ್ಲಿ ಏನಿದೆ ಎಂದು ತೆಗೆಯುತ್ತೀರಿ ಮಕ್ಕಳೆ? ಮಡಿಕೇರಿಗೆ ಹೋಗಿ, ರಾಜಾಸೀಟು ತೆಗೆಯಿರಿ,” ಎಂದನು.

ಯಾರೂ ಉತ್ತರ ಕೊಡಲಿಲ್ಲ. ಅಜ್ಜ ಒಂದು ಗಳಿಗೆ ಸುಮ್ಮನಿದ್ದು, ಕಳೆಯ ಕಡೆ ನೋಡಿದನು. ಆಮೇಲೆ ಯಾರೂ ಹೇಳಿಕೊಡದೆಯೇ ನೋಟ ಬಲಕ್ಕೆ ಹೊರಳಿತು. ಮೊಬೈಲು ನಡೆಯುತ್ತಲೇ ಇತ್ತು. ಚಿತ್ರದಲ್ಲಿ ಉಳಿದದ್ದು ಆ ನೋಟವೇ.