ತಪ್ಪಿದಲ್ಲೇ ತಿದ್ದಿ: ನಾರಾಯಣಗೂಡದ ಓದುಗರ ಪ್ರಣಾಳಿಕೆ

ನಾವು ಹೈದರಾಬಾದಿನ ನಾರಾಯಣಗೂಡ, ಕಾಚಿಗೂಡ, ಹಿಮಾಯತ್‌ನಗರಗಳಲ್ಲಿ ನೆಲೆಸಿರುವ ಕನ್ನಡಿಗರು. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು, ಹೋಟೆಲು ನಡೆಸುವವರು, ಮೇಷ್ಟರು, ನರ್ಸುಗಳು, ಕಾಲೇಜಿಗೆ ಹೋಗುವ ಮಕ್ಕಳು ನಮ್ಮಲ್ಲಿದ್ದಾರೆ. ಸುದ್ದಿಮನೆಯಲ್ಲೇ ತಲೆಗೂದಲು ಬೆಳ್ಳಗಾದ ಒಂದಿಬ್ಬರೂ ಇದ್ದಾರೆ. ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತೆಲುಗು, ಆಟೊದಲ್ಲಿ ಉರ್ದು, ಆಫೀಸಿನಲ್ಲಿ ಇಂಗ್ಲಿಷು: ಹೀಗೆ ದಿನಕ್ಕೆ ನಾಲ್ಕು ಭಾಷೆಯ ಸುದ್ದಿ ನಮ್ಮ ಕಣ್ಣಿಗೂ ಕಿವಿಗೂ ಬೀಳುತ್ತದೆ. ಒಂದೇ ಘಟನೆ ನಾಲ್ಕು ಕಡೆ ನಾಲ್ಕು ಬಣ್ಣ ತಳೆಯುವುದನ್ನು ನಾವು ನೋಡುತ್ತಲೇ ಬಂದಿದ್ದೇವೆ. ಮೊದಮೊದಲು ಯಾವುದು ನಿಜ ಎಂದು ಹೋಲಿಸಿ ನೋಡುತ್ತಿದ್ದೆವು. ಈಗ ನಾಲ್ಕನ್ನೂ ನಂಬದೆ ಪುಟ ಮಗುಚುತ್ತೇವೆ.

ಈ ಅಪನಂಬಿಕೆ ನಮಗೆ ಭಯ ತಂದಿದೆ. ಸುದ್ದಿಯನ್ನು ನಂಬದ ಊರು ಗಾಳಿಮಾತನ್ನು ನಂಬುತ್ತದೆ. ಅದಕ್ಕೇ ಈ ಚಳವಳಿ.

ನಾವು ನಿಂತ ನೆಲ

ನಾರಾಯಣಗೂಡದಿಂದ ನಡೆದೇ ಹೋಗಬಹುದಾದ ಕಾಚಿಗೂಡದಲ್ಲಿ 1947ರ ಕೊನೆಗೆ ‘ಇಮ್ರೋಜ್’ ಎಂಬ ಉರ್ದು ದಿನಪತ್ರಿಕೆ ಶುರುವಾಯಿತು. ಇಮ್ರೋಜ್ ಎಂದರೆ ಇಂದು, ಈ ದಿನ. ಸಂಪಾದಕರಾದ ಶೋಯಬುಲ್ಲಾ ಖಾನ್ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಅವರು ಮೊದಲು ದುಡಿಯುತ್ತಿದ್ದ ‘ರಯ್ಯತ್’ ಪತ್ರಿಕೆಯನ್ನು ನಿಜಾಮರ ಸರ್ಕಾರ ಮುಚ್ಚಿಸಿತ್ತು. ಆದರೂ ಅವರು ಅಂಜಲಿಲ್ಲ. ಹೈದರಾಬಾದು ಭಾರತದ ಒಕ್ಕೂಟವನ್ನು ಸೇರಬೇಕೆಂದು ಬರೆದರು, ನಿಜಾಮರ ಪರ ಆಯುಧ ಹಿಡಿದಿದ್ದ ರಜಾಕಾರರ ಹಾವಳಿಯನ್ನು ಬರೆದರು. 1948ರ ಆಗಸ್ಟ್ 21ರ ರಾತ್ರಿ ಕಚೇರಿಯಿಂದ ಮನೆಗೆ ಮರಳುವ ದಾರಿಯಲ್ಲಿ ಅವರ ಮೇಲೆ ಗುಂಡು ಹಾರಿಸಿದರು, ಕೈ ಕಡಿದರು. ಬೆಳಗಾಗುವುದರೊಳಗೆ ಅವರ ಉಸಿರು ನಿಂತಿತ್ತು. ಹೈದರಾಬಾದು ಬಿಡುಗಡೆಯಾದ ಸೆಪ್ಟೆಂಬರ್ 17ಕ್ಕೆ ಇನ್ನು 26 ದಿನ ಬಾಕಿ ಇತ್ತು.

ಕಲಬುರಗಿ, ಬೀದರ್, ರಾಯಚೂರುಗಳಲ್ಲಿದ್ದ ನಮ್ಮ ಅಜ್ಜ ಅಜ್ಜಿಯರೂ ಆಗ ಅದೇ ನಿಜಾಮರ ಪ್ರಜೆಗಳು. ಉರ್ದುವಿನಲ್ಲಿ ಬರೆದ ಆ ಮನುಷ್ಯ ಕನ್ನಡ ನಾಡಿನ ಬಿಡುಗಡೆಗೂ ಜೀವ ಕೊಟ್ಟರು. ಆ ಋಣ ನಮ್ಮ ಮೇಲಿದೆ.

ಅವರನ್ನು ನೆನೆಯುವುದಕ್ಕೆ ಇನ್ನೊಂದು ಕಾರಣವಿದೆ. ಶೋಯಬುಲ್ಲಾ ಖಾನ್ ಯಾವ ಪಕ್ಷಕ್ಕೂ ಸೇರದ ತಕ್ಕಡಿಯಾಗಿರಲಿಲ್ಲ. ಅವರಿಗೆ ಸ್ಪಷ್ಟ ನಿಲುವಿತ್ತು. ಅದನ್ನು ಅವರು ಹೆಸರು ಹಾಕಿ, ಹಗಲಲ್ಲೇ, ಸಂಪಾದಕೀಯದಲ್ಲಿ ಹೇಳಿದರು. ನಿಲುವು ಇದ್ದ ಮಾತ್ರಕ್ಕೆ ಪತ್ರಿಕೆ ಕೆಡುವುದಿಲ್ಲ. ನಿಲುವನ್ನು ಸುದ್ದಿಯೊಳಗೆ ಬಚ್ಚಿಟ್ಟು, ಅದಕ್ಕೆ ಯಾರು ಹಣ ಕೊಟ್ಟರೆಂಬುದನ್ನು ಮರೆಮಾಚಿ, ತಪ್ಪಾದಾಗ ಬಾಯಿ ಮುಚ್ಚಿಕೊಂಡರೆ ಕೆಡುತ್ತದೆ. ಪಿ. ಲಂಕೇಶರು 1980ರಲ್ಲಿ ಶುರು ಮಾಡಿದ ಪತ್ರಿಕೆ ಜಾಹೀರಾತಿಲ್ಲದೆ ಓದುಗರ ದುಡ್ಡಿನಲ್ಲೇ ನಡೆಯಿತು. ಅದರೊಡನೆ ಜಗಳವಾಡಿದವರಿಗೂ ಅಲ್ಲಿ ಮಾತಾಡುತ್ತಿರುವವರು ಯಾರೆಂದು ಗೊತ್ತಿತ್ತು.

ನಾವು ಕಂಡದ್ದು

2019ರ ನವೆಂಬರಿನಲ್ಲಿ ನಮ್ಮ ಊರಿನ ಹೊರವಲಯ ಶಂಷಾಬಾದಿನ ಬಳಿ ಪಶುವೈದ್ಯೆಯೊಬ್ಬಳ ಮೇಲೆ ಅತ್ಯಾಚಾರವಾಗಿ ಕೊಲೆಯಾಯಿತು. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಿಟ್ಟುಕೊಡಬಾರದೆಂಬ ಕಾನೂನಿದ್ದರೂ ಆ ಮಗಳ ಹೆಸರು, ಫೋಟೊ ಪರದೆಗಳ ತುಂಬ ಹರಿದಾಡಿದವು. ಡಿಸೆಂಬರ್ 6ರ ನಸುಕಿನಲ್ಲಿ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತರು. ಪೊಲೀಸರ ಮೇಲೆ ಹೂವು ಸುರಿಯುವ ದೃಶ್ಯವನ್ನು ವಾಹಿನಿಗಳು ದಿನವಿಡೀ ತೋರಿಸಿದವು. ನಡೆದದ್ದು ನಿಜವಾಗಿ ಏನೆಂದು ಕೇಳಿದವರನ್ನು ಸ್ಟುಡಿಯೋದಲ್ಲಿ ಕೂಗಿ ಕೂರಿಸಿದರು.

ಸುಪ್ರೀಂ ಕೋರ್ಟು ನೇಮಿಸಿದ ಸಿರ್ಪುರ್‌ಕರ್ ಆಯೋಗದ ವರದಿ 2022ರಲ್ಲಿ ಹೊರಬಂತು. ಪೊಲೀಸರು ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದರು, ಸತ್ತ ನಾಲ್ವರಲ್ಲಿ ಮೂವರು ಅಪ್ರಾಪ್ತ ವಯಸ್ಸಿನವರು, 10 ಮಂದಿ ಪೊಲೀಸರನ್ನು ಕೊಲೆಯ ಆರೋಪದಡಿ ವಿಚಾರಣೆಗೆ ಒಳಪಡಿಸಬೇಕು ಎಂದಿತು ಅದು. ಅಂದು ಜೈಕಾರ ಹಾಕಿದವರ ಬಾಯಿಂದ ‘ನಾವು ಆತುರಪಟ್ಟೆವು’ ಎಂಬ ಒಂದು ಮಾತು ಬರಲೆಂದು ನಾವು ಕಾದೆವು. ನಾವು ನೋಡುವ ಪರದೆಗಳಲ್ಲಿ ಅದು ಬರಲಿಲ್ಲ.

2009ರ ಚುನಾವಣೆಯಲ್ಲಿ ಅಭ್ಯರ್ಥಿಗಳಿಂದ ಹಣ ಪಡೆದು ಸುದ್ದಿಯ ವೇಷದಲ್ಲಿ ಪ್ರಚಾರ ಅಚ್ಚಾದಾಗ, ಅವಿಭಜಿತ ಆಂಧ್ರದ ಪತ್ರಕರ್ತರ ಸಂಘವೇ ಪತ್ರಿಕೆಗಳನ್ನು ತೆರೆದು ಲೆಕ್ಕ ಹಾಕಿತು. ಅದು ಈ ನೆಲದ ಪತ್ರಕರ್ತರ ಹೆಮ್ಮೆ. ಬಳಿಕ ಪ್ರೆಸ್ ಕೌನ್ಸಿಲ್ಲು ಪರಂಜಯ್ ಗುಹಾ ಠಾಕುರ್ತಾ ಮತ್ತು ಹೈದರಾಬಾದಿನ ಕೆ. ಶ್ರೀನಿವಾಸ ರೆಡ್ಡಿ ಅವರಿಗೆ ತನಿಖೆ ವಹಿಸಿತು. ಅವರು ಪತ್ರಿಕೆಗಳ ಹೆಸರು ಹಿಡಿದೇ ವರದಿ ಬರೆದರು. ಕೌನ್ಸಿಲ್ಲು 2010ರಲ್ಲಿ ಅದನ್ನು ಮೊಟಕು ಮಾಡಿ ಹೊರಬಿಟ್ಟಿತು. ಪೂರ್ತಿ ವರದಿ ಜನರಿಗೆ ಸಿಗಲು ಮಾಹಿತಿ ಹಕ್ಕಿನ ಮೊರೆ ಹೋಗಿ 2011ರವರೆಗೆ ಕಾಯಬೇಕಾಯಿತು. ಊರಿನ ಕಡತಗಳನ್ನೆಲ್ಲ ಬಿಚ್ಚಿ ಎನ್ನುವ ವೃತ್ತಿ ತನ್ನ ಕಡತವನ್ನು ಮಾತ್ರ ಕಟ್ಟಿಟ್ಟಿತ್ತು.

2020ರಲ್ಲಿ ಕೊರೊನಾ ಹಬ್ಬಿದಾಗ ದೆಹಲಿಯ ತಬ್ಲೀಗಿ ಸಭೆಯ ನೆಪದಲ್ಲಿ ಇಡೀ ಮುಸ್ಲಿಂ ಸಮುದಾಯವನ್ನೇ ರೋಗದ ಹೆಸರಿನಿಂದ ಕರೆದರು. ಎರಡು ಕನ್ನಡ ಸುದ್ದಿವಾಹಿನಿಗಳಿಗೆ ಅದಕ್ಕಾಗಿ 2021ರಲ್ಲಿ ದಂಡ ಬಿತ್ತು. ದಂಡ ಹಾಕಿದ್ದು ವಾಹಿನಿಗಳು ತಾವೇ ಕಟ್ಟಿಕೊಂಡ ಸಂಸ್ಥೆ. ಆದರೆ ಆ ಒಂದು ವರ್ಷದಲ್ಲಿ ತರಕಾರಿ ಗಾಡಿ ತಳ್ಳುವವನ ಹೆಸರು ಕೇಳಿ ಬಾಗಿಲು ಹಾಕಿಕೊಂಡ ಬೀದಿಗಳನ್ನು ನಾವು ನೋಡಿದ್ದೆವು.

ಒಂದು ಫೋಟೊ

ಈ ಕರಡನ್ನು ಬರೆಯುತ್ತಿರುವ ನಾನು ನಮ್ಮ ಸೀಮೆಯ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿದವನು. ಒಂದು ರಾತ್ರಿ ಚೀಟಿ ವ್ಯವಹಾರದ ವಂಚನೆಯ ಸುದ್ದಿ ಬಂತು. ಪುಟ ಬಿಡಲು ಇಪ್ಪತ್ತು ನಿಮಿಷವಿತ್ತು. ಫೋಟೊ ಬೇಕೆಂದರು. ಆರೋಪಿಯ ಹೆಸರನ್ನು ಫೇಸ್‌ಬುಕ್ಕಿನಲ್ಲಿ ಹುಡುಕಿದೆ, ಅದೇ ಹೆಸರು, ಅದೇ ಊರು. ಎತ್ತಿ ಹಾಕಿದೆ. ಅಡಿಬರಹ ಬರೆದವನೂ ನಾನೇ.

ಮರುದಿನ ಒಬ್ಬರು ಹೆಂಡತಿಯೊಡನೆ ಕಚೇರಿಗೆ ಬಂದರು. ಕಿರಾಣಿ ಅಂಗಡಿಯವರು. ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿಟ್ಟು ತಂದಿದ್ದರು. ಜಗಳ ಮಾಡಲಿಲ್ಲ. ಮೇಜಿನ ಮೇಲೆ ಅದನ್ನು ಬಿಡಿಸಿ, ಮಡಿಕೆಗಳನ್ನು ಅಂಗೈಯಿಂದ ಸವರಿ, ತಮ್ಮ ಮುಖದ ಮೇಲೆ ಬೆರಳಿಟ್ಟು ಹೇಳಿದರು: ‘ಸರ, ಇದನ್ನ ಎಷ್ಟು ದೊಡ್ಡದು ಹಾಕೀರಿ, ಅಷ್ಟೇ ದೊಡ್ಡದಾಗಿ ಇಂವ ಅಲ್ಲ ಅಂತ ಹಾಕ್ರಿ.’ ಅವರ ಹೆಂಡತಿ ನಿಂತೇ ಇದ್ದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

ಫೋಟೊ ಬಂದದ್ದು ಮುಖಪುಟದಲ್ಲಿ, ಮೂರು ಕಾಲಂ ಅಗಲ. ತಿದ್ದುಪಡಿ ಬಂದದ್ದು ಒಂಬತ್ತು ದಿನ ಕಳೆದ ಮೇಲೆ, ಒಳಪುಟದ ಮೂಲೆಯಲ್ಲಿ, ಎರಡು ಸಾಲು. ಅಷ್ಟರಲ್ಲಿ ಅಂಗಡಿಗೆ ಬರುವ ಗಿರಾಕಿ ನಿಂತಿದ್ದ. ಆ ಎರಡು ಸಾಲಿಗೆ ನಾನು ವಿರೋಧ ಹೇಳಲಿಲ್ಲ, ಏಕೆಂದರೆ ನಮ್ಮಲ್ಲಿ ತಿದ್ದುಪಡಿ ಎಂದರೆ ಮಾನ ಹೋದಂತೆ. ಪತ್ರಿಕೆಯ ಮಾನ ಉಳಿಯಲೆಂದು ಆ ಮನುಷ್ಯರ ಮಾನವನ್ನು ನಾವು ಬಿಟ್ಟುಕೊಟ್ಟೆವು.

ಈ ಚಳವಳಿಯ ಮೂಲಸೂತ್ರ ನಮಗೆ ಸಿಕ್ಕಿದ್ದು ಆ ಅಂಗಡಿಯವರ ಬಾಯಿಂದ.

ಬೇನೆಯ ಬೇರು

ವರದಿಗಾರರು ಕೆಟ್ಟವರು ಎನ್ನುವವರ ಜೊತೆ ನಾವಿಲ್ಲ. ಸುದ್ದಿಮನೆಯ ಒಳಗಿನ ವ್ಯವಸ್ಥೆ ಒಳ್ಳೆಯವರಿಂದಲೂ ಕೆಟ್ಟ ಕೆಲಸ ಮಾಡಿಸುತ್ತದೆ. ತಾಲ್ಲೂಕಿನ ಸ್ಟ್ರಿಂಗರ್‌ಗೆ ಸುದ್ದಿಗೆ ಇಷ್ಟೆಂದು ಪುಡಿಗಾಸು ಕೊಟ್ಟು, ವಾರ್ಷಿಕ ಪುರವಣಿ ಬಂದಾಗ ಇಷ್ಟು ಜಾಹೀರಾತು ತಾ ಎಂದು ಗುರಿ ಕೊಡುತ್ತಾರೆ. ಬೆಳಿಗ್ಗೆ ಯಾವ ಗುತ್ತಿಗೆದಾರನ ಕಳಪೆ ರಸ್ತೆಯ ಬಗ್ಗೆ ಬರೆಯಬೇಕೋ ಸಂಜೆ ಅವನ ಮುಂದೆಯೇ ಸ್ಟ್ರಿಂಗರ್ ಕೈಯೊಡ್ಡಬೇಕು. ವಾಹಿನಿಯ ಹುಡುಗಿ ಘಟನೆಯ ಜಾಗಕ್ಕೆ ತಲುಪುವ ಮೊದಲೇ ಅವಳಿಂದ ಫೋನಿನಲ್ಲೇ ನೇರ ವರದಿ ಕೇಳುತ್ತಾರೆ. ಕಾಣದ್ದನ್ನು ಕಂಡಂತೆ ಹೇಳುವುದು ಅಲ್ಲಿಂದ ಅಭ್ಯಾಸವಾಗುತ್ತದೆ. ಮಜೀಠಿಯಾ ವೇತನ ಮಂಡಳಿಯ ಶಿಫಾರಸನ್ನು ಸರ್ಕಾರ 2011ರಲ್ಲಿ ಪ್ರಕಟಿಸಿತು, ಸುಪ್ರೀಂ ಕೋರ್ಟು 2014ರಲ್ಲಿ ಎತ್ತಿಹಿಡಿಯಿತು. ಆ ಸಂಬಳಕ್ಕಾಗಿ ಎಷ್ಟೋ ಪತ್ರಕರ್ತರು ಆಮೇಲೂ ಕೋರ್ಟು ಅಲೆದರು.

ಸುದ್ದಿಮನೆಯಲ್ಲಿ ಯಾರು ಕೂತಿದ್ದಾರೆ ಎಂಬುದೂ ಮುಖ್ಯ. ಆಕ್ಸ್‌ಫಾಮ್ ಮತ್ತು ನ್ಯೂಸ್‌ಲಾಂಡ್ರಿ 2019ರಲ್ಲಿ ನಡೆಸಿದ ಅಧ್ಯಯನ ನೋಡಿದ 121 ಉನ್ನತ ಹುದ್ದೆಗಳಲ್ಲಿ 106 ಮೇಲ್ಜಾತಿಯವರ ಕೈಯಲ್ಲಿದ್ದವು. ದಲಿತರು, ಆದಿವಾಸಿಗಳು ಒಬ್ಬರೂ ಇರಲಿಲ್ಲ. ಕೇರಿಯ ಸುದ್ದಿ ಗಲಾಟೆಯಾದಾಗ ಮಾತ್ರ ಪತ್ರಿಕೆಗೆ ಬರುವುದೇಕೆಂದು ಇದರಿಂದ ತಿಳಿಯುತ್ತದೆ.

ನಮ್ಮ ಹಕ್ಕೊತ್ತಾಯ

1. ತಪ್ಪಿದಲ್ಲೇ ತಿದ್ದಿ. ಮುಖಪುಟದ ತಪ್ಪಿಗೆ ಮುಖಪುಟದಲ್ಲಿ, ಅಷ್ಟೇ ಅಗಲದಲ್ಲಿ ತಿದ್ದುಪಡಿ ಬರಲಿ. ರಾತ್ರಿ 9ಕ್ಕೆ ಆದ ತಪ್ಪನ್ನು ಅದೇ ನಿರೂಪಕರು ರಾತ್ರಿ 9ಕ್ಕೇ ಒಪ್ಪಿಕೊಳ್ಳಲಿ. ವೆಬ್‌ಸೈಟಿನಲ್ಲಿ ಸದ್ದಿಲ್ಲದೆ ಅಳಿಸದೆ, ಏನು ಬದಲಾಯಿತೆಂದು ಬರೆಯಲಿ.

2. ಹಣ ಪಡೆದದ್ದಕ್ಕೆಲ್ಲ ‘ಜಾಹೀರಾತು’ ಎಂಬ ಪದವನ್ನು ತಲೆಬರಹದಷ್ಟೇ ದೊಡ್ಡದಾಗಿ ಹಾಕಲಿ.

3. ಒಡೆಯರು ಯಾರು, ಅವರ ಬೇರೆ ವ್ಯಾಪಾರ ಯಾವುದು ಎಂದು ವರ್ಷಕ್ಕೊಮ್ಮೆ ಮುಖಪುಟದಲ್ಲಿ ಹೇಳಲಿ. ಮಾರ್ಚಿನಲ್ಲಿ ಒಳಪುಟದ ಮೂಲೆಯಲ್ಲಿ ಅಚ್ಚಾಗುತ್ತಿದ್ದ ‘ಫಾರಂ 4’ರಲ್ಲಿ ಮಾಲೀಕರ ಹೆಸರು ಇರುತ್ತಿತ್ತು. ಅದನ್ನು ಓದಲು ಭೂತಗನ್ನಡಿ ಬೇಕಿತ್ತು.

4. ಪೊಲೀಸರು ಹೇಳಿದ್ದನ್ನು ಪೊಲೀಸರು ಹೇಳಿದ್ದೆಂದೇ ಬರೆಯಲಿ. ಬಂಧನವನ್ನು ಸುದ್ದಿ ಮಾಡಿದವರು ತೀರ್ಪನ್ನೂ ಸುದ್ದಿ ಮಾಡಲಿ.

5. ಸ್ಟ್ರಿಂಗರ್‌ಗಳಿಗೆ ನೇಮಕಪತ್ರ ಮತ್ತು ತಿಂಗಳ ಸಂಬಳ ಸಿಗಲಿ. ಜಾಹೀರಾತಿನ ಗುರಿ ನಿಲ್ಲಲಿ.

6. ಸುದ್ದಿಮನೆಯಲ್ಲಿ ದಲಿತ, ಆದಿವಾಸಿ, ಅಲ್ಪಸಂಖ್ಯಾತ, ಮಹಿಳಾ ಪತ್ರಕರ್ತರಿಗೆ ತೀರ್ಮಾನಿಸುವ ಕುರ್ಚಿ ಸಿಗಲಿ.

7. ‘ದಿ ಹಿಂದೂ’ 2006ರಲ್ಲೇ ಓದುಗರ ಸಂಪಾದಕರನ್ನು ನೇಮಿಸಿತು. ಕನ್ನಡದ ಪ್ರತಿ ಪತ್ರಿಕೆ, ಪ್ರತಿ ವಾಹಿನಿಯೂ ದೂರು ಕೇಳಲು ಅಂಥ ಒಬ್ಬರನ್ನು ಕೂರಿಸಲಿ.

ನಮ್ಮ ಪಣ

ಕೇಳುವ ಬಾಯಿಗೆ ಕೊಡುವ ಕೈಯೂ ಇರಬೇಕು. ಆದ್ದರಿಂದ ನಾವೂ ಮಾತು ಕೊಡುತ್ತೇವೆ.

ಪ್ರತಿ ಮನೆಯವರೂ ಒಂದು ಪತ್ರಿಕೆಗಾದರೂ ದುಡ್ಡು ಕೊಟ್ಟು ಚಂದಾದಾರರಾಗುತ್ತೇವೆ. ಬಿಟ್ಟಿ ಸುದ್ದಿಯ ಬೆಲೆಯನ್ನು ಬೇರೆ ಯಾರೋ ಕಟ್ಟಿರುತ್ತಾರೆ. ಅವರ ಕೆಲಸವನ್ನೇ ಆ ಸುದ್ದಿ ಮಾಡುತ್ತದೆ.

ವಾಟ್ಸ್ಯಾಪಿಗೆ ಬಂದದ್ದನ್ನು ಎರಡು ಕಡೆ ವಿಚಾರಿಸದೆ ಮುಂದಕ್ಕೆ ಕಳಿಸುವುದಿಲ್ಲ. ಕಳಿಸಿದ್ದು ಸುಳ್ಳಾದರೆ ಅದೇ ಗುಂಪಿನಲ್ಲಿ ‘ನಾನು ಕಳಿಸಿದ್ದು ಸುಳ್ಳು’ ಎಂದು ಬರೆಯುತ್ತೇವೆ. ತಪ್ಪಿದಲ್ಲೇ ತಿದ್ದುವ ನಿಯಮ ನಮಗೂ ಅನ್ವಯಿಸುತ್ತದೆ.

ಇಷ್ಟವಿಲ್ಲದ ಸುದ್ದಿ ಬರೆದವರನ್ನು ಬಯ್ಯುವುದಿಲ್ಲ, ಅವರ ಜಾತಿ ಧರ್ಮ ಎತ್ತುವುದಿಲ್ಲ. 2017ರ ಸೆಪ್ಟೆಂಬರ್ 5ರಂದು ಪತ್ರಕರ್ತೆ ಗೌರಿ ಲಂಕೇಶರನ್ನು ಅವರ ಮನೆ ಬಾಗಿಲಲ್ಲೇ ಕೊಂದರು. ಕಾಚಿಗೂಡದ ರಸ್ತೆಗೂ ಬೆಂಗಳೂರಿನ ಆ ಬಾಗಿಲಿಗೂ ನಡುವೆ 69 ವರ್ಷ ಕಳೆದಿದ್ದರೂ ಬರೆಯುವ ಕೈಯ ಮೇಲಿನ ಸಿಟ್ಟು ಅದೇ ಆಗಿತ್ತು. ಬರೆದದ್ದಕ್ಕಾಗಿ ಪೆಟ್ಟು ತಿಂದ ಯಾವ ಪತ್ರಕರ್ತರ ಬೆನ್ನಿಗೂ ನಾವು ನಿಲ್ಲುತ್ತೇವೆ, ಅವರ ಅಭಿಪ್ರಾಯ ನಮಗೆ ಒಪ್ಪಿಗೆಯಾಗದಿದ್ದರೂ.

ಪಕ್ಷ, ಸರ್ಕಾರ, ಮಾಧ್ಯಮ ಸಂಸ್ಥೆ ಯಾವುದರಿಂದಲೂ ಬಿಡಿಗಾಸು ಪಡೆಯುವುದಿಲ್ಲ.

ಕೆಲಸ ಹೀಗೆ ಶುರು

ತಿಂಗಳ ಮೊದಲ ಭಾನುವಾರ ನಾರಾಯಣಗೂಡದಲ್ಲಿ, ನಮ್ಮಲ್ಲೊಬ್ಬರ ಮನೆಯಲ್ಲಿ ಸೇರುತ್ತೇವೆ. ಆ ತಿಂಗಳು ಕಂಡ ತಪ್ಪುಗಳನ್ನು ಪತ್ರಿಕೆಯ ತುಣುಕಿನೊಡನೆ ಒಂದು ರಿಜಿಸ್ಟರಿನಲ್ಲಿ ಬರೆಯುತ್ತೇವೆ. ಸಂಪಾದಕರಿಗೆ ಮರ್ಯಾದೆಯಿಂದ ಪತ್ರ ಹೋಗುತ್ತದೆ. 15 ದಿನದಲ್ಲಿ ಉತ್ತರ ಬಾರದಿದ್ದರೆ ಪತ್ರಿಕೆಯ ವಿಷಯವನ್ನು ಪ್ರೆಸ್ ಕೌನ್ಸಿಲ್ಲಿಗೆ, ವಾಹಿನಿಯ ವಿಷಯವನ್ನು ವಾಹಿನಿಗಳ ದೂರು ಪ್ರಾಧಿಕಾರಕ್ಕೆ ಒಯ್ಯುತ್ತೇವೆ. ಪ್ರೆಸ್ ಕೌನ್ಸಿಲ್ಲಿಗೆ ಛೀಮಾರಿ ಹಾಕುವುದಕ್ಕಿಂತ ಹೆಚ್ಚಿನ ಬಲವಿಲ್ಲವೆಂದು ಗೊತ್ತು. ಆ ಛೀಮಾರಿಯನ್ನು ನಾವು ಬೀದಿ ಬೀದಿಗೆ ಓದಿ ಹೇಳುತ್ತೇವೆ. ಚೆನ್ನಾಗಿ ತಿದ್ದಿಕೊಂಡವರಿಗೆ ಕೃತಜ್ಞತೆಯ ಪತ್ರವನ್ನೂ ಬರೆಯುತ್ತೇವೆ. ನಂಬಿಕೆ ಮರಳಿ ಹುಟ್ಟುವುದನ್ನು ಗುರುತಿಸುವುದೂ ನಮ್ಮ ಕೆಲಸವೇ.

ಪ್ರತಿ ವರ್ಷ ಶೋಯಬುಲ್ಲಾ ಖಾನ್ ಅವರ ಉಸಿರು ನಿಂತ ಆಗಸ್ಟ್ 22ರ ಬೆಳಿಗ್ಗೆ ನಾರಾಯಣಗೂಡದಿಂದ ಕಾಚಿಗೂಡಕ್ಕೆ ನಡೆದು ಹೋಗಿ, ವರ್ಷದ ರಿಜಿಸ್ಟರನ್ನು ಎಲ್ಲರ ಮುಂದೆ ಕನ್ನಡ, ತೆಲುಗು, ಉರ್ದುವಿನಲ್ಲಿ ಓದುತ್ತೇವೆ.

ರಿಜಿಸ್ಟರಿನಲ್ಲಿ ಮೂರು ಕಾಲಂ ಎಳೆದಿದ್ದೇವೆ: ತಪ್ಪು, ಅದು ಬಂದ ಜಾಗ, ತಿದ್ದಿದ ಜಾಗ. ಮೊದಲ ಸಾಲಿನಲ್ಲಿ ನಾನೇ ನನ್ನ ತಪ್ಪನ್ನು ಬರೆದಿದ್ದೇನೆ. ಚೀಟಿ ವಂಚನೆಯ ಸುದ್ದಿ, ಬೇರೆಯವರ ಫೋಟೊ. ಮುಖಪುಟ, ಮೂರು ಕಾಲಂ. ಮೂರನೆಯ ಕಾಲಮಿನಲ್ಲಿ ‘ಒಳಪುಟ, ಎರಡು ಸಾಲು’ ಎಂದು ಬರೆಯಹೋದಾಗ ಬಳಗದವರು ತಡೆದರು. ಅದು ತಿದ್ದಿದಂತಾಗಲಿಲ್ಲ, ಖಾಲಿ ಬಿಡಿ ಎಂದರು. ಖಾಲಿ ಬಿಟ್ಟಿದ್ದೇನೆ.

ಎರಡನೆಯ ಸಾಲನ್ನು ಬರೆಯಲು ನೀವು ಬನ್ನಿ. ಓದುಗರೂ ಬನ್ನಿ, ಪತ್ರಕರ್ತರೂ ಬನ್ನಿ.