ನಮಗಿನ್ನೂ ಸುದ್ದಿ ಬಂದಿಲ್ಲ!

ಅಮೆರಿಕದ ಸ್ವಾತಂತ್ರ್ಯ ಯುದ್ಧವನ್ನು ಆ ಕಾಲದ ಲಂಡನ್ ಪತ್ರಿಕೆಗಳು ಹೇಗೆ ವರದಿ ಮಾಡಿದವು ಅಂತ ಮಾತು ತೆಗೆದರೆ ಸಾಕು, "ಸೋತವರ ಪೇಪರ್ ಕಣ್ರೀ ಅವು, ಬರೀ ಸುಳ್ಳು. ಅದನ್ನೇನು ಓದ್ತೀರಿ?" ಅನ್ನುವವರಿದ್ದಾರೆ. ನಾನು ಹೇಳೋದು ಕೇಳಿ. ಯುದ್ಧಕಾಲದಲ್ಲಿ ಜನರ ಕಣ್ಣಿಗೆ ಮಣ್ಣೆರಚಲು ಸರ್ಕಾರ ಸುಳ್ಳನ್ನೇ ಹೇಳಬೇಕೆಂದಿಲ್ಲ. ಯಾವುದು ಸುದ್ದಿ, ಯಾವುದು ಗಾಳಿಮಾತು ಅಂತ ತೀರ್ಮಾನಿಸುವ ಹಕ್ಕನ್ನು ತನ್ನ ಹತ್ತಿರ ಇಟ್ಟುಕೊಂಡರೆ ಸಾಕು.

1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್ ಮತ್ತು ಕಾಂಕರ್ಡ್‌ನಲ್ಲಿ ಕಾಳಗ ಶುರುವಾಯಿತು. ಬ್ರಿಟಿಷ್ ಸೇನಾಧಿಪತಿ ಗೇಜ್ ತನ್ನ ವರದಿಯನ್ನು ಹಡಗಿನಲ್ಲಿ ಕಳಿಸಿದ. ನಾಲ್ಕು ದಿನ ತಡವಾಗಿ ಇನ್ನೊಂದು ಹಡಗು ಹೊರಟಿತು. ಅದರಲ್ಲಿ ಜಾನ್ ಡರ್ಬಿ ಎಂಬ ಕಪ್ತಾನನ ಕೈಯಲ್ಲಿ ಬಂಡುಕೋರರ ಕಡೆಯ ಸಾಕ್ಷಿಗಳ ಪ್ರಮಾಣಪತ್ರಗಳಿದ್ದವು. ಮೊದಲು ಗುಂಡು ಹಾರಿಸಿದ್ದು ರಾಜನ ಸೈನಿಕರೇ ಅಂತ ಅವು ಹೇಳುತ್ತಿದ್ದವು. ಡರ್ಬಿ ಮೇ 28ಕ್ಕೇ ಲಂಡನ್ ಮುಟ್ಟಿದ. ಸುದ್ದಿ ಅಲ್ಲಿ ಅಚ್ಚಾಯಿತು.

ಎರಡೇ ದಿನಕ್ಕೆ ಸರ್ಕಾರದ ಪ್ರಕಟಣೆ ಬಂತು: ಇಂಥ ಘಟನೆಯ ಬಗ್ಗೆ ನಮ್ಮ ಇಲಾಖೆಗೆ ಇನ್ನೂ ಯಾವ ವರದಿಯೂ ಬಂದಿಲ್ಲ. ಇದು ಸುಳ್ಳೇ? ಅಲ್ಲ ಸ್ವಾಮಿ, ಅಕ್ಷರಶಃ ನಿಜ! ಗೇಜ್‌ನ ವರದಿ ತಲುಪಿದ್ದೇ ಜೂನ್ 10ರಂದು. ಆದರೆ ಆ ನಿಜದ ಒಳಗಿನ ಹುನ್ನಾರ ನೋಡಿ. ನಮಗೆ ಬರುವವರೆಗೂ ಅದು ಸುದ್ದಿಯೇ ಅಲ್ಲ, ನೀವು ಕಾಯಬೇಕು ಅಂತ. ವಸಾಹತುಗಳ ಪರವಾಗಿ ಲಂಡನ್ನಿನಲ್ಲಿದ್ದ ಆರ್ಥರ್ ಲೀ ಸುಮ್ಮನಿರಲಿಲ್ಲ. ಮೂಲ ಪತ್ರಗಳು ನಗರದ ಮೇಯರ್ ಬಳಿ ಇವೆ, ಅನುಮಾನ ಇದ್ದವರು ಹೋಗಿ ನೋಡಿ ಅಂತ ಪತ್ರಿಕೆಯಲ್ಲೇ ಉತ್ತರ ಕೊಟ್ಟ.

ಜೂನ್ 17ರ ಬಂಕರ್ ಹಿಲ್ ಕಾಳಗದ ಕಥೆಯೂ ಇಂಥದ್ದೇ. ಸರ್ಕಾರಿ ಪತ್ರಿಕೆ ಲಂಡನ್ ಗೆಜೆಟ್ ಜುಲೈ 25ರಂದು ಗೇಜ್‌ನ ವರದಿ ಛಾಪಿಸಿತು. ಗೆದ್ದೆವು ಅನ್ನೋದು ಅದರ ಧಾಟಿ. ಗುಡ್ಡ ಹಿಡಿದದ್ದೂ ನಿಜವೇ. ಆದರೆ 226 ಸೈನಿಕರು ಸತ್ತು 828 ಮಂದಿ ಗಾಯಗೊಂಡಿದ್ದರು. ತನ್ನವರ ಸಾವುನೋವಿನ ಪಟ್ಟಿಯನ್ನೂ ಗೆಜೆಟ್ ಮುಚ್ಚಿಡಲಿಲ್ಲ. ಒಂದು ಗುಡ್ಡಕ್ಕೆ ಸಾವಿರ ಜನ! ಈ ಲೆಕ್ಕ ನೋಡಿದವನಿಗೆ ಗೆಲುವಿನ ಬಣ್ಣ ಎಷ್ಟು ಹೊತ್ತು ನಿಂತೀತು? ಬರೀ ಸುಳ್ಳು ಅಂತ ಪೇಪರನ್ನೇ ಎಸೆಯುವವರು ಈ ಪಟ್ಟಿಯನ್ನೂ ಎಸೆದಂತಾಯಿತು.

ಇನ್ನು ಜಾನ್ ಹಾರ್ನ್ ವಿಚಾರ. ಮುಂದೆ ಹಾರ್ನ್ ಟೂಕ್ ಅಂತ ಹೆಸರಾದವನು ಇವನೇ. ಲೆಕ್ಸಿಂಗ್ಟನ್ನಿನಲ್ಲಿ ಸತ್ತ ಅಮೆರಿಕನ್ನರ ವಿಧವೆಯರಿಗೂ ಅನಾಥ ಮಕ್ಕಳಿಗೂ 100 ಪೌಂಡ್ ಕೂಡಿಸೋಣ ಅಂತ ಲಂಡನ್ ಪತ್ರಿಕೆಗಳಲ್ಲಿ ಪ್ರಕಟಣೆ ಹಾಕಿಸಿದ. ಅವರು ರಾಜನ ಸೈನಿಕರಿಂದ ಕೊಲೆಯಾದವರು ಅಂದ. ಆ 'ಕೊಲೆ' ಅನ್ನೋ ಪದವೇ ಮುಳುವಾಯ್ತು. 1777ರಲ್ಲಿ ರಾಜದ್ರೋಹದ ಬರಹ ಅಂತ ವಿಚಾರಣೆ ನಡೆದು, ಒಂದು ವರ್ಷ ಜೈಲು, 200 ಪೌಂಡ್ ದಂಡ ಬಿತ್ತು.

ಹಾಗಂತ ಬಂಡುಕೋರರೇನೂ ಸಾಚಾಗಳಲ್ಲ. ನ್ಯೂಯಾರ್ಕಿನಲ್ಲಿ ಜೇಮ್ಸ್ ರಿವಿಂಗ್ಟನ್ ಎಂಬಾತ ರಾಜನ ಪರವಾದ ಪತ್ರಿಕೆ ನಡೆಸುತ್ತಿದ್ದ. 1775ರ ನವೆಂಬರಿನಲ್ಲಿ ಅವನ ಮುದ್ರಣಾಲಯಕ್ಕೆ ನುಗ್ಗಿ ಅಚ್ಚುಮೊಳೆಗಳನ್ನೇ ಹೊತ್ತೊಯ್ದರು. ಸ್ವಾತಂತ್ರ್ಯಕ್ಕೆ ಬಂದೂಕು ಹಿಡಿದವರಿಗೇ ಎದುರು ಪಕ್ಷದ ಒಂದು ಪೇಪರ್ ಸಹಿಸಲಾಗಲಿಲ್ಲ! ಲಂಡನ್ನಿನಲ್ಲಿ ಜೈಲು, ನ್ಯೂಯಾರ್ಕಿನಲ್ಲಿ ದಾಳಿ. ದಾರಿ ಬೇರೆ, ಭಯ ಒಂದೇ.

ಹಾಗಾಗಿ 'ಶತ್ರುವಿನ ಪೇಪರ್ ಯಾಕೆ ಓದಬೇಕು' ಅನ್ನುವವರಿಗೆ ನನ್ನದೊಂದೇ ಮಾತು. ನೀವು ಸತ್ಯವನ್ನು ಕಾಯ್ತಾ ಇದ್ದೀರಿ ಅಂದುಕೊಂಡಿದ್ದೀರಿ. ಇಲ್ಲ, ನಿಮ್ಮ ಗೇಜ್‌ನ ಹಡಗಿಗೆ ಕಾಯ್ತಾ ಇದ್ದೀರಿ. ಡರ್ಬಿಯ ಹಡಗು ಬಂದು ನಿಂತು ಆಗಲೇ ಎಷ್ಟೋ ದಿನವಾಯ್ತು.