ಮುಟ್ಟಿನ ನೋವು: ಸಹನೆಯೊಂದೇ ಮದ್ದಲ್ಲ

ರಮಝಾನಿನಲ್ಲಿ ಮುಟ್ಟಾದ ಮಗಳು ತಂದೆ, ಅಣ್ಣಂದಿರ ಮುಂದೆ ನಾಚಿ ಉಪವಾಸವಿದ್ದವಳಂತೆ ಇರುತ್ತಾಳೆ. ಹೊಟ್ಟೆನೋವಿನ ಜೊತೆಗೆ ಹಸಿವೂ ಸೇರುತ್ತದೆ. ತಾಯಂದಿರೇ, ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ನಾವೇಕೆ ಕಸಿಯಬೇಕು? ಬಿಟ್ಟ ಉಪವಾಸವನ್ನು ಆಮೇಲೆ ಖಝಾ ಮಾಡಿದರಾಯಿತು. ಈಗ ಅವಳಿಗೆ ಉಣಬಡಿಸಿ.

ಪ್ರೊಸ್ಟಗ್ಲ್ಯಾಂಡಿನ್ ಎಂಬ ರಾಸಾಯನಿಕ ಗರ್ಭಕೋಶದ ಸ್ನಾಯುಗಳನ್ನು ಸಂಕುಚಿಸುವುದರಿಂದ ಈ ನೋವು ಬರುತ್ತದೆ. ಸಾಮಾನ್ಯವಾಗಿ 2-3 ದಿನಗಳಲ್ಲಿ ಕಡಿಮೆಯಾಗುತ್ತದೆ.

* ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಕಿಬ್ಬೊಟ್ಟೆಗೆ 15-20 ನಿಮಿಷ ಶಾಖ ಕೊಡಿ.

* ಅರ್ಧ ಇಂಚು ಶುಂಠಿ ಜಜ್ಜಿ ಒಂದು ಲೋಟ ನೀರಿನಲ್ಲಿ ಕುದಿಸಿ, ಸ್ವಲ್ಪ ಬೆಲ್ಲ ಬೆರೆಸಿ ಬಿಸಿಯಾಗಿ ಕುಡಿಸಿ.

* ಬಸವಕಲ್ಯಾಣ, ಹುಮನಾಬಾದ್ ಕಡೆಯ ನಮ್ಮ ಜೋಳದ ರೊಟ್ಟಿ, ತೊಗರಿಬೇಳೆ, ಸೊಪ್ಪಿನ ಪಲ್ಯ ಬಿಟ್ಟು ಬೇರೆ ಪಥ್ಯ ಬೇಡ. ರಕ್ತ ಹೋಗುವ ದೇಹಕ್ಕೆ ಕಬ್ಬಿಣಾಂಶ ಬೇಕು, ಎಳ್ಳುಂಡೆಯೂ ಒಳ್ಳೆಯದು. ಪಲ್ಯಕ್ಕೆ ನಿಂಬೆ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ.

* ದಿನವಿಡೀ ಮಲಗಿಸದೆ ಸ್ವಲ್ಪ ನಡೆದಾಡಲು ಹೇಳಿ.

ಇಷ್ಟಾದರೂ ಪ್ರತಿ ತಿಂಗಳು ಶಾಲೆ ತಪ್ಪುತ್ತಿದ್ದರೆ, ನೋವು ಹೆಚ್ಚುತ್ತಾ ಹೋದರೆ, ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗಿ ಬಂದರೆ ತಾಲೂಕು ಆಸ್ಪತ್ರೆಯಲ್ಲಾದರೂ ತೋರಿಸಿ. ‘ಮದುವೆಯಾದರೆ ಸರಿಹೋಗುತ್ತದೆ’ ಎಂದು ಮಾತ್ರ ಮುಂದೂಡಬೇಡಿ.